ಕಲ್ಸೀಮೆಯ ಕುಳ್ಳರಲ್ಲಿ ಎಷ್ಟು ಬಣ? ಗಡ್ಡ ಬಿಟ್ಟು ಬೇರೆ ಏನಾದ್ರೂ ಇದೆಯಾ?

ಕೋಟೆಕಲ್ಲು, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ನಾವು ಆರು ಜನ ಭಾನುವಾರ ಸೇರಿ, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ಡೈಸ್ ಹಾಕಿ ಕಥೆ ಆಡುತ್ತೇವೆ ಅಂತ ಹಿಂದೆ ಇಲ್ಲೇ ಬರೆದಿದ್ದೆ. ಮೂವರು ದುರ್ಗದವರು, ಮೂವರು ದಾವಣಗೆರೆಯವರು. ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ. ಕಥೆ ನಡೆಸುವ ಪಾಡು ನನ್ನದು. ನಮ್ಮ ಲೋಕಕ್ಕೆ ಕಲ್ಸೀಮೆ ಅಂತ ಹೆಸರಿಟ್ಟಿದ್ದೇವೆ. ಇಷ್ಟು ದಿನ ಆಟವೆಲ್ಲ ಮನುಷ್ಯರ ಊರುಗಳಲ್ಲೇ ನಡೆಯಿತು. ಇನ್ನೆರಡು ವಾರಕ್ಕೆ ತಂಡ ಬೆಟ್ಟದೊಳಗೆ ಇಳಿಯುತ್ತದೆ. ಅಲ್ಲಿರುವವರು ಕುಳ್ಳರು.

ಇಂಥ ಕಲ್ಪನೆಯ ಕಥೆಗಳಲ್ಲಿ ಕುಳ್ಳರು, ಅಂದರೆ ಇಂಗ್ಲಿಷಿನ ಡ್ವಾರ್ಫ್‌ಗಳು, ಅಂದರೆ ಎಲ್ಲಾ ರೆಡಿ ಇದ್ದ ಹಾಗೆ. ಗಡ್ಡ, ಕೊಡಲಿ, ಬಿಯರ್, ಚಿನ್ನದ ಆಸೆ, ಮೂಗಿನ ತುದಿಯಲ್ಲಿ ಸಿಟ್ಟು. ಪಂಗಡ ಬೇಕು ಅಂದರೆ ಅದೂ ರೆಡಿ: ಬೆಟ್ಟದವರು, ಗುಡ್ಡದವರು, ತೀರಾ ಕೆಳಗಿರುವ ಬೂದು ಮೈಯ ಕೆಟ್ಟವರು. ನಾನೂ ಅದನ್ನೇ ನಾಲ್ಕು ಪುಟ ಬರೆದೆ. ಓದಿಕೊಂಡರೆ ನನಗೇ ಆಕಳಿಕೆ ಬಂತು.

ಶನಿವಾರ ಬೆಳಿಗ್ಗೆ ಕೋಟೆ ಹತ್ತಿದೆ. ಗೋಪಾಲಸ್ವಾಮಿ ಹೊಂಡದ ದಡದಲ್ಲಿ ಸುಮ್ನೆ ಕೂತಿದ್ದೆ. ಈ ಹೊಂಡ ತುಂಬಿದರೆ ನೀರು ಅಕ್ಕತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಸಿಹಿನೀರು ಹೊಂಡ, ಆಮೇಲೆ ಊರೊಳಗಿನ ಸಂತೆ ಹೊಂಡ. ಬೆಟ್ಟದ ಮೇಲೆ ಹೊಳೆ ಇಲ್ಲ, ತೊರೆ ಇಲ್ಲ. ಬಂಡೆ ಮೇಲೆ ಬಿದ್ದ ಮಳೆಯನ್ನೇ ಹಿಡಿದು, ಒಂದರಿಂದ ಒಂದಕ್ಕೆ ಇಳಿಸಿ ಬದುಕಿದ್ದಾರೆ. ಹೈದರಾಲಿ 1779ರಲ್ಲಿ ಕೋಟೆ ಗೆದ್ದ. ಅದಕ್ಕೂ ಮುಂಚೆ ಅವನು ಮುತ್ತಿಗೆ ಹಾಕಿದಾಗಲೆಲ್ಲ ಒಳಗಿನವರ ಜೀವ ಹಿಡಿದಿದ್ದು ಈ ನೀರೇ.

ಆಗ ಅನ್ನಿಸಿದ್ದು ಇಷ್ಟು. ನಮ್ಮ ಸೀಮೆಯ ಕುಳ್ಳನಿಗೆ ಚಿನ್ನ ಯಾಕೆ ಬೇಕು? ಅವನು ಬೀಗ ಹಾಕಿ ಇಡುವುದು ನೀರನ್ನು. ಅಲ್ವಾ?

ಸದ್ಯಕ್ಕೆ ಮೂರು ಬಣ ಮಾಡಿದ್ದೇನೆ. ಮೇಲಿನ ಬಂಡೆಯಲ್ಲಿ ಮಳೆ ಹಿಡಿಯುವ ಹೊಂಡದವರು. ನಡುವೆ ಕಬ್ಬಿಣ ಕಾಯಿಸುವ ಕುಲುಮೆಯವರು. ಕೆಳಗೆ ಅಗೆಯುತ್ತಾ ಹೋಗುವ ಆಳದವರು. ನೀರು ಮೇಲಿನಿಂದ ಕೆಳಗೆ ಇಳಿಯುತ್ತದೆ. ಲೋಹ ಕೆಳಗಿನಿಂದ ಮೇಲೆ ಏರುತ್ತದೆ. ಮಧ್ಯದಲ್ಲಿ ಜಗಳ. ಇನ್ನೇನು ಸೇರಿಸಬಹುದು, ಹೇಳಿ.

ಇಪ್ಪತ್ತುಮುಖ

ಐಡಿಯಾ ಚೆನ್ನಾಗಿದೆ ಗುರು. ಆದರೆ ಗಡ್ಡ ತೆಗೆಯಬೇಡ. ಆಡುವವರಿಗೆ ಒಂದಾದರೂ ಪರಿಚಯದ ಮುಖ ಬೇಕು. ಎಲ್ಲಾ ಹೊಸದು ಮಾಡಿದರೆ ಅವರು ನಿನ್ನ ಕಥೆ ಕೇಳುತ್ತಾರೆ, ಆಡುವುದಿಲ್ಲ.

ಇನ್ನೊಂದು. ಕುಳ್ಳರ ಮೂಲ ಇರುವುದು ಉತ್ತರದ ಚಳಿ ದೇಶದ ಪುರಾಣದಲ್ಲಿ. ಐಸ್‌ಲೆಂಡಿನಲ್ಲಿ 13ನೇ ಶತಮಾನದಲ್ಲಿ ಬರೆದಿಟ್ಟ ಕಥೆಗಳಲ್ಲಿ ನಾಲ್ಕು ಕುಳ್ಳರು ನಾಲ್ಕು ದಿಕ್ಕಿನಲ್ಲಿ ನಿಂತು ಆಕಾಶ ಹೊತ್ತಿದ್ದಾರೆ. ಅವರ ಹೆಸರೇ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಗುಡುಗಿನ ದೇವರ ಸುತ್ತಿಗೆ ಮಾಡಿದ್ದು ಕುಳ್ಳ ಅಣ್ಣತಮ್ಮಂದಿರು. ಕೆಲಸದ ಮಧ್ಯೆ ನೊಣ ಕಚ್ಚಿ ತಿದಿ ಒಂದು ಗಳಿಗೆ ನಿಂತಿತು. ಅದಕ್ಕೇ ಸುತ್ತಿಗೆಯ ಹಿಡಿ ಗಿಡ್ಡವಾಯಿತು. ಇನ್ನೊಬ್ಬ ಕುಳ್ಳ ಮಾತಿನ ಪಂದ್ಯದಲ್ಲಿ ಮೈಮರೆತು ಬೆಳಗಾಗುವುದನ್ನೇ ನೋಡಲಿಲ್ಲ. ಬಿಸಿಲು ಬಿದ್ದು ಕಲ್ಲಾದ. ಇವೆಲ್ಲ ಬಿಟ್ಟುಬಿಟ್ಟರೆ ಅವರನ್ನು ಕುಳ್ಳರು ಅಂತ ಯಾಕೆ ಕರೆಯಬೇಕು? ಹೊಂಡ ಕಾಯುವ ವಾಚ್‌ಮನ್ ಅಂದರೆ ಸಾಕು.

ಹಳೇಗಣಿ

ಗಡ್ಡದ ವಿಷಯಕ್ಕೆ ಒಂದು ಮಾತು. ನಮ್ಮ ಅಪ್ಪ ಕೋಲಾರದ ಚಾಂಪಿಯನ್ ರೀಫ್ ಗಣಿಯಲ್ಲಿ ಇದ್ದವರು. 2001ರಲ್ಲಿ ಮುಚ್ಚುವ ಹೊತ್ತಿಗೆ ಆ ಗಣಿ 3 ಕಿಲೋಮೀಟರಿಗಿಂತ ಆಳ ಹೋಗಿತ್ತು. ಜನ ಅಂದುಕೊಳ್ಳುತ್ತಾರೆ, ನೆಲದೊಳಗೆ ತಂಪು ಅಂತ. ಮೊದಲ ನೂರು ಅಡಿ ತಂಪು. ಆಮೇಲೆ ಇಳಿದಷ್ಟೂ ಬಿಸಿ. ತೀರಾ ಕೆಳಗೆ ಕಲ್ಲೇ ಸುಡುತ್ತದೆ. ಮೇಲಿನಿಂದ ತಂಪು ಗಾಳಿ ತುಂಬಿದರೂ ಅಪ್ಪ ಮನೆಗೆ ಬಂದಾಗ ಬನಿಯನ್ ಹಿಂಡಿದರೆ ನೀರು ಸುರಿಯುತ್ತಿತ್ತು.

ನಿಮ್ಮ ಆಳದವರಿಗೆ ಎದೆಯವರೆಗೆ ಗಡ್ಡ, ಮೇಲೆ ತುಪ್ಪಳದ ಕೋಟು ಹಾಕಿದರೆ ಒಂದೇ ವಾರದಲ್ಲಿ ಸಾಯುತ್ತಾರೆ. ಅವರು ತಲೆ ಬೋಳಿಸಿಕೊಂಡು, ಲಂಗೋಟಿ ಕಟ್ಟಿಕೊಂಡು ಇರುವವರು. ಗಡ್ಡ ಬೇಕಿದ್ದರೆ ಮೇಲಿನ ಹೊಂಡದವರಿಗೆ ಇಡಿ. ಗಡ್ಡ ಇದೆ ಅಂದರೆ ಆಳಕ್ಕೆ ಇಳಿದವನಲ್ಲ ಅಂತ ಅರ್ಥ. ಆಳದವರ ಬಾಯಲ್ಲಿ ಅದು ಬೈಗುಳ ಆಗಬಹುದು.

ಮತ್ತೆ ಅವರು ಗಲಾಟೆ ಜನ ಅಲ್ಲ. ಗಣಿಯಲ್ಲಿ ಕೆಲಸ ಶುರು ಮಾಡುವ ಮುಂಚೆ ಕಬ್ಬಿಣದ ಸರಳಿನಿಂದ ಮೇಲಿನ ಕಲ್ಲನ್ನು ತಟ್ಟುತ್ತಾರೆ. ಗಟ್ಟಿ ಕಲ್ಲು ಟಣ್ ಅನ್ನುತ್ತದೆ. ಬಿಟ್ಟುಕೊಂಡ ಕಲ್ಲು ಡಬ್ ಅನ್ನುತ್ತದೆ. ಆ ಡಬ್ ಕೇಳಿಸಿಕೊಳ್ಳದವನು ಮನೆಗೆ ಬರುವುದಿಲ್ಲ. ಅಂಥ ಕಡೆ ಹಾಡು, ಕುಣಿತ, ಮೇಜು ಗುದ್ದುವುದು ಎಲ್ಲಿಂದ ಬರಬೇಕು? ಅಪ್ಪ ಮನೆಯಲ್ಲೂ ಮೆಲ್ಲಗೇ ಮಾತಾಡುತ್ತಿದ್ದರು. ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದರೆ ತಲೆ ಎತ್ತಿ ಸೂರು ನೋಡುತ್ತಿದ್ದರು. ಆ ಅಭ್ಯಾಸ ಕೊನೆಯವರೆಗೂ ಹೋಗಲಿಲ್ಲ.

ಕೋಟೆಕಲ್ಲು

ಹಳೇಗಣಿ ಸರ್, ಆ ಸೂರು ನೋಡುವುದನ್ನು ನಾನು ಹಾಗೇ ತೆಗೆದುಕೊಳ್ಳುತ್ತೇನೆ, ಬೇಜಾರಿಲ್ಲ ಅಂದರೆ. ಆಳದವರು ಯಾರ ಮನೆಗೆ ಹೋದರೂ ಮೊದಲು ಮೇಲೆ ನೋಡುತ್ತಾರೆ. ನಮಸ್ಕಾರ ಆಮೇಲೆ. ಮಾತಿಗೆ ಮುಂಚೆ ಗೋಡೆ ಎರಡು ಸಲ ತಟ್ಟುವುದು ಅವರ ಮರ್ಯಾದೆ.

ಉಳಿಸುತ್ತಿಗೆ, ಹೊಸದುರ್ಗ

ನಮ್ಮದು ತಲೆತಲಾಂತರದಿಂದ ಕಲ್ಲಿನ ಕೆಲಸ. ಈಗ ನಾನು ಟೈಲ್ಸ್ ಅಂಗಡಿ ಇಟ್ಟಿದ್ದೇನೆ, ಅದು ಬೇರೆ ಮಾತು.

ಕುಲುಮೆಯವರನ್ನೂ ಕಲ್ಲಿನವರನ್ನೂ ಬೇರೆ ಬೇರೆ ಊರಿನವರ ಹಾಗೆ ಬರೆಯಬೇಡಿ. ಗ್ರಾನೈಟ್ ಮೇಲೆ ಉಳಿ ಹೊಡೆದರೆ ಅರ್ಧ ದಿನಕ್ಕೇ ಮೊನೆ ಮೊಂಡಾಗುತ್ತದೆ. ಸಂಜೆ ಅದನ್ನು ಕಾಯಿಸಿ, ಹಣಿದು, ಹದ ಹಾಕಬೇಕು. ಹದ ಜಾಸ್ತಿ ಆದರೆ ಮೊನೆ ಸಿಡಿಯುತ್ತದೆ, ಕಮ್ಮಿ ಆದರೆ ಬಾಗುತ್ತದೆ. ಕಮ್ಮಾರ ಪಕ್ಕದಲ್ಲಿ ಇಲ್ಲದೆ ಕಲ್ಲು ಕೆಲಸ ಒಂದು ದಿನವೂ ನಡೆಯುವುದಿಲ್ಲ. ಇಬ್ಬರೂ ಒಂದೇ ಓಣಿಯಲ್ಲಿ ಇರುತ್ತಾರೆ. ಜಗಳವೂ ಅಲ್ಲೇ. "ನಿನ್ನ ಉಳಿ ಸರಿ ಇಲ್ಲ." "ನಿನಗೆ ಹೊಡೆಯಲು ಬರಲ್ಲ." ಇದು ನಾನು ಹುಟ್ಟಿದಾಗಿನಿಂದ ಕೇಳಿದ ಜಗಳ.

ಇನ್ನು ಬಂಡೆ ಎಬ್ಬಿಸುವುದು. ಸಿಡಿಮದ್ದು ಇಲ್ಲದೆ ಚಪ್ಪಡಿ ಎಬ್ಬಿಸಲು ಬೆಂಕಿ ಸಾಕು. ಬಂಡೆಯ ಮೇಲೆ ಸೌದೆಯ ಸಾಲು ಹಚ್ಚಿ, ಬೆಂಕಿಯನ್ನು ನಿಧಾನ ಮುಂದೆ ಸರಿಸುತ್ತಾ ಹೋಗಬೇಕು. ಕಾದ ಪದರ ಹಿಗ್ಗಿ ಕೆಳಗಿನ ಬಂಡೆಯಿಂದ ಬಿಡುತ್ತದೆ. ಬಿಟ್ಟಿದೆಯೋ ಇಲ್ಲವೋ ಅಂತ ತಿಳಿಯಲು ಮತ್ತೆ ಅದೇ, ತಟ್ಟಿ ಕೇಳುವುದು. ಆಮೇಲೆ ಸಾಲಾಗಿ ಕುಳಿ ಹೊಡೆದು ಸೀಳುವುದು. ಕೋಟೆಯ ಬಂಡೆಗಳ ಅಂಚಿನಲ್ಲಿ ಹಲ್ಲಿನ ಹಾಗೆ ಕಾಣುವ ಗುರುತು ಅದೇ. ನೋಡದವರು ಮುಂದಿನ ಸಲ ನೋಡಿ.

ಕುಲುಮೆಯಲ್ಲೂ ಎರಡು ಥರ ಇದೆ. ತಾಮ್ರ 1085 ಡಿಗ್ರಿಗೆ ಕರಗುತ್ತದೆ, ನೀರಿನಂತೆ ಸುರಿಯಬಹುದು. ಕಬ್ಬಿಣ ಕರಗಲು 1538 ಡಿಗ್ರಿ ಬೇಕು. ಇದ್ದಿಲಿನ ಹಳೆಯ ಒಲೆಯಲ್ಲಿ ಅಷ್ಟು ಕಾವು ಬರುವುದಿಲ್ಲ. ಕಬ್ಬಿಣ ಸ್ಪಂಜಿನಂಥ ಮುದ್ದೆಯಾಗಿ ಬರುತ್ತದೆ, ಅದನ್ನು ಬಡಿದು ಬಡಿದು ಕಿಟ್ಟ ತೆಗೆಯಬೇಕು. ಹಾಗಾಗಿ ಎರಕದವರು, ಬಡಿತದವರು ಅಂತ ಎರಡು ಬಣ ಮಾಡಿ. ಎರಕದವನು ತಾಳ್ಮೆಯವನು. ಮೊದಲೇ ಅಚ್ಚು ಮಾಡಿ, ಒಂದೇ ಸಲ ಸುರಿಯುತ್ತಾನೆ. ತಪ್ಪಿದರೆ ಪೂರ್ತಿ ತಪ್ಪು. ಬಡಿತದವನು ಹೊಡೆಯುತ್ತಾ ಹೊಡೆಯುತ್ತಾ ತಿದ್ದಿಕೊಳ್ಳುತ್ತಾನೆ. ಇಬ್ಬರ ಸಂಸಾರವೂ ಹಾಗೇ ಇರುತ್ತದೆ, ಬರೆದುಕೊಳ್ಳಿ.

ಜೋಗಿಮಟ್ಟಿಗಾಳಿ

ಭೂವಿಜ್ಞಾನ ಓದುತ್ತಿದ್ದೇನೆ. ತಾಮ್ರಕ್ಕೆ ದೂರ ಹೋಗಬೇಕಿಲ್ಲ. ದುರ್ಗದ ಹತ್ತಿರದ ಇಂಗಳದಾಳಿನಲ್ಲಿ ತಾಮ್ರದ ಗಣಿ ನಡೆದಿತ್ತು. ತಾಮ್ರ ಇರುವ ಕಲ್ಲಿಗೆ ಗಾಳಿ, ನೀರು ತಾಗಿದರೆ ಹಸಿರು ಹತ್ತುತ್ತದೆ, ಮನೆಯ ಹಿತ್ತಾಳೆ ತಾಮ್ರದ ಪಾತ್ರೆಗೆ ಕಿಲುಬು ಹತ್ತಿದ ಹಾಗೆ. ಎರಕದವರನ್ನು ಬಡಿತದವರು "ಕಿಲುಬಿನವರು" ಅಂತ ಆಡಿಕೊಳ್ಳಬಹುದು. ತಿರುಗಿ ಇವರು ಅವರಿಗೆ "ತುಕ್ಕಿನವರು" ಅನ್ನಲಿ.

ಇದಕ್ಕಿಂತ ದೊಡ್ಡದು ಒಂದಿದೆ. ನಮ್ಮ ದುರ್ಗ ಜಿಲ್ಲೆಯ ಮರಡಿಹಳ್ಳಿಯ ಕಲ್ಲು ನೋಡಿದ್ದೀರಾ? ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗೆ ಕಾಣುತ್ತದೆ. ಲಾವಾ ನೀರಿನೊಳಗೆ ಉಕ್ಕಿದರೆ ಮಾತ್ರ ಹೀಗಾಗುತ್ತದೆ. ಬಿಸಿ ಲಾವಾಕ್ಕೆ ತಣ್ಣೀರು ತಾಗಿ ಹೊರಗೆ ಸಿಪ್ಪೆ ಕಟ್ಟುತ್ತದೆ. ಒಳಗಿನದು ಸಿಪ್ಪೆ ಒಡೆದು ಮುಂದೆ ಉಕ್ಕಿ ಇನ್ನೊಂದು ದಿಂಬಾಗುತ್ತದೆ. 250 ಕೋಟಿ ವರ್ಷಕ್ಕೂ ಹಿಂದಿನ ಕಲ್ಲು. ಅಂದರೆ ನಾವು ಟ್ಯಾಂಕರ್‌ಗೆ ಕಾಯುವ ಈ ಸೀಮೆ ಒಮ್ಮೆ ನೀರಿನ ಕೆಳಗೆ ಇತ್ತು.

ಕುಳ್ಳರ ಹುಟ್ಟಿನ ಕಥೆ ಇಲ್ಲೇ ಇದೆ ಅಲ್ವಾ? ಕಲ್ಲು ಹುಟ್ಟಿದ್ದು ನೀರಿನಲ್ಲಿ. ಮೊದಲ ಕುಳ್ಳರು ಆ ದಿಂಬುಗಳ ಮೇಲೆ ಮಲಗಿದ್ದರು. ನೀರು ಇಳಿದು ಹೋದಾಗ ಎಚ್ಚರವಾಯಿತು. ಅಂದಿನಿಂದ ಹೋದ ನೀರನ್ನು ಹುಡುಕುತ್ತಾ ಅಗೆಯುತ್ತಿದ್ದಾರೆ. ಲೋಹ ಸಿಕ್ಕಿದ್ದು ಸುಮ್ನೆ ದಾರಿಯಲ್ಲಿ.

ಇಪ್ಪತ್ತುಮುಖ

ಸರಿ, ಇದು ಚೆನ್ನಾಗಿದೆ. "ಲೋಹ ಸಿಕ್ಕಿದ್ದು ದಾರಿಯಲ್ಲಿ" ಅನ್ನುವುದನ್ನು ನನ್ನ ಪಾತ್ರದ ಬಾಯಿಗೆ ಬಿಟ್ಟುಕೊಡು. ಗಡ್ಡದ ಹಟ ಬಿಟ್ಟೆ.

ಮಂಗಳವಾರಸಂತೆ

ನಾನು ಆಟ ಆಡುವವಳಲ್ಲ, ಓದುತ್ತಿದ್ದೆ ಅಷ್ಟೇ. ಒಂದು ವಿಷಯ ಹೇಳಬೇಕು. ನನ್ನ ತಮ್ಮನ ಎತ್ತರ ಮೂರೂವರೆ ಅಡಿ. ಅವನಿಗೆ ಈ ಪದ ಏನು ಅಂತ ನಿಮಗೆ ಗೊತ್ತಿಲ್ಲ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಮದುವೆ ಮನೆಯಲ್ಲಿ "ಏ ಕುಳ್ಳ" ಅಂತಲೇ ಕರೆಯುವುದು. ನೀವು ಕಥೆಗೆ ಬರೆಯುತ್ತಿದ್ದೀರಿ, ಕೆಟ್ಟ ಮನಸ್ಸಿಲ್ಲ, ಗೊತ್ತು. ಆದರೂ ಪ್ರತಿ ಸಾಲಿನಲ್ಲಿ ಓದುವಾಗ ಚುಚ್ಚುತ್ತದೆ. ಬೇರೆ ಹೆಸರು ಸಿಗಲ್ವಾ?

ಕೋಟೆಕಲ್ಲು

ಅಕ್ಕ, ತಪ್ಪಾಯಿತು. ನನಗೆ ಆ ಕಡೆ ಯೋಚನೆಯೇ ಹೋಗಲಿಲ್ಲ. ಕುಬ್ಜ, ಗಿಡ್ಡ, ಗುಜ್ಜಾರಿ ಎಲ್ಲಾ ಅದೇ ದಾರಿ. ಅವರೇ ತಮ್ಮನ್ನು ಏನಂತ ಕರೆದುಕೊಳ್ಳುತ್ತಾರೆ ಅಂತ ಯೋಚಿಸಬೇಕಿತ್ತು. ತಮ್ಮ ಎತ್ತರದಿಂದ ತಮಗೆ ಹೆಸರಿಟ್ಟುಕೊಳ್ಳುವ ಜನ ಎಲ್ಲಿಯೂ ಇರಲಿಕ್ಕಿಲ್ಲ. ಯಾರಿಗಾದರೂ ಹೆಸರು ಹೊಳೆದರೆ ಹೇಳಿ.

ಶಾಸನಪ್ರಿಯ

ಹೆಸರು ನಮ್ಮ ನೆಲದಲ್ಲೇ ಇದೆ. ಮೋರೇರು.

ಗಂಗಾವತಿ ಹತ್ತಿರ ಹಿರೇಬೆಣಕಲ್ ಬೆಟ್ಟದ ಮೇಲೆ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೆ ಒಂದು ಚಪ್ಪಡಿ ಮುಚ್ಚಿದ ಕಲ್ಮನೆಗಳಿವೆ. ಸುಮಾರು 400 ಇವೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿತು. ಊರವರು ಇವನ್ನು ಮೋರೇರ ಮನೆ ಅನ್ನುತ್ತಾರೆ. ಹಿಂದೆ ಮೋರೇರು ಅಂತ ಒಂದು ಚಿಕ್ಕ ಎತ್ತರದ, ಬಲು ಶಕ್ತಿಯ ಜನ ಇದ್ದರು, ಇವು ಅವರ ಮನೆಗಳು ಅಂತ ಜನಪದ ನಂಬಿಕೆ. ಕೆಲವು ಮನೆಗಳ ಗೋಡೆ ಕಲ್ಲಿನಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಅಷ್ಟು ಸಣ್ಣ ಬಾಗಿಲಲ್ಲಿ ಓಡಾಡಿದವರು ಚಿಕ್ಕವರೇ ಇರಬೇಕು ಅಂತ ಲೆಕ್ಕ ಹಾಕಿದ್ದಾರೆ. ನಿಜದಲ್ಲಿ ಅವು ಕಬ್ಬಿಣ ಯುಗದವರು ಸತ್ತವರಿಗೆ ಕಟ್ಟಿದ್ದು.

ನಮ್ಮ ಜಿಲ್ಲೆಯಲ್ಲೂ ಇದೇ ಬಳಗದ ಸಮಾಧಿಗಳಿವೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗ ಕಲ್ಲಿನ ವೃತ್ತಗಳೊಳಗೆ ಇಂಥ ಕಿಂಡಿ ಇರುವ ಗೋರಿಗಳು, ಕಬ್ಬಿಣದ ಸಾಮಾನು, ಮಡಕೆಗಳು ಸಿಕ್ಕವು. ಅಲ್ಲೇ ಅಶೋಕನ ಶಾಸನವೂ ಇದೆ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಮೋರೇರು ಅಂದರೆ ಮೌರ್ಯರು ಅಂತ ದಯವಿಟ್ಟು ಇಲ್ಲಿ ಯಾರೂ ಚರ್ಚೆ ಶುರು ಮಾಡಬೇಡಿ. ಹೋದ ವರ್ಷ ಅದಕ್ಕೇ ಮೂರು ದಿನ ಹೋಯಿತು.

ಆಕಾಶ ಹೊತ್ತ ನಾಲ್ವರ ಮಾತು ಬಂತು. ಬಾದಾಮಿಯ ಗುಹೆಗಳಿಗೆ ಹೋದವರು ಕಂಬದ ಬುಡಕ್ಕಿಂತ ಕೆಳಗೆ, ಜಗಲಿಯ ಪಟ್ಟಿಯಲ್ಲಿ ನೋಡಿ. ಡೊಳ್ಳು ಹೊಟ್ಟೆಯ ಪುಟ್ಟ ಗಣಗಳ ಸಾಲೇ ಇದೆ. ಕುಣಿಯುತ್ತಾ, ನಗುತ್ತಾ ಇರುವ ಅವರ ತಲೆ ಮೇಲೇ ಇಡೀ ಗುಡಿ ನಿಂತಿದೆ. ಭಾರ ಹೊರುವ ಚಿಕ್ಕವರು ನಮಗೆ ಹೊಸಬರಲ್ಲ.

ಕೋಟೆಕಲ್ಲು ಅವರ ನೀರಿನ ಮಾತಿಗೂ ಒಂದು ಆಧಾರ ಕೊಡುತ್ತೇನೆ. ಚಂದ್ರವಳ್ಳಿಯಲ್ಲಿ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನ ಇದೆಯಲ್ಲ, ಅದು ಹೇಳುವುದು ಕೆರೆ ಕಟ್ಟಿಸಿದ ಸುದ್ದಿಯನ್ನು. ಅರಸ ಗೆದ್ದವರ ಪಟ್ಟಿಯೂ ಅದರಲ್ಲಿದೆ. ಆದರೂ ಕಲ್ಲಿಗೆ ಉಳಿ ಇಟ್ಟಿದ್ದು ಕೆರೆಯ ನೆಪದಲ್ಲೇ.

ಮಂಗಳವಾರಸಂತೆ

ಮೋರೇರು. ಚೆನ್ನಾಗಿದೆ. ತಮ್ಮನಿಗೆ ತೋರಿಸಿದೆ. "ಬಲು ಶಕ್ತಿಯ ಜನ" ಅನ್ನುವ ಸಾಲನ್ನು ಎರಡು ಸಲ ಓದಿಸಿದ.

ನವಣೆಅಕ್ಕ, ಚಳ್ಳಕೆರೆ

ಇಷ್ಟೆಲ್ಲ ಬರೆದಿರಿ, ಅವರು ಊಟಕ್ಕೆ ಏನು ಮಾಡುತ್ತಾರೆ ಅಂತ ಒಬ್ಬರೂ ಕೇಳಲಿಲ್ಲ. ಬಂಡೆಯೊಳಗೆ ಏನು ಬೆಳೆಯುತ್ತದೆ? ಬಿಯರ್ ಮಾಡಲು ಬಾರ್ಲಿ ಎಲ್ಲಿದೆ ನಮ್ಮ ಕಡೆ? ನವಣೆ, ಸಜ್ಜೆ, ಹುರುಳಿ ಇದೆ. ಕಡಿಮೆ ನೀರಿಗೆ ಬರುವುದು ಅವೇ. ನವಣೆಯನ್ನು ಸಿಪ್ಪೆ ಸಮೇತ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಾಗಾಗಿ ಮೋರೇರು ಕುಡಿಯುವುದು ಅಂಬಲಿ. ದಾರಿಗೆ ಕಟ್ಟಿಕೊಳ್ಳುವುದು ಹುರಿಟ್ಟು. ಹಬ್ಬಕ್ಕೆ ನವಣೆ ಹಿಟ್ಟಿನ ತಂಬಿಟ್ಟು.

ಇದನ್ನೆಲ್ಲ ಅವರಿಗೆ ಕೊಡುವವರು ಯಾರು? ಇಲ್ಲಿ ನಿಮಗೆ ಒಂದು ಬಣ ಬಿಟ್ಟುಹೋಗಿದೆ. ಹಗೇವಿನವರು.

ಈಗಿನ ಹುಡುಗರಿಗೆ ಹಗೇವು ಗೊತ್ತಿರಲಿಕ್ಕಿಲ್ಲ. ಕಾಳು ಇಡುವ ನೆಲಮಾಳಿಗೆ. ಮೇಲೆ ಒಬ್ಬ ಆಳು ಇಳಿಯುವಷ್ಟು ಬಾಯಿ, ಒಳಗೆ ಗುಡಾಣದ ಹಾಗೆ ಅಗಲ. ಗೋಡೆಗೆ ಹುಲ್ಲು ಹೊದಿಸಿ, ಕಾಳು ತುಂಬಿ, ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಬರ ಬಂದರೆ ತೆಗೆಯುವುದು. ನಮ್ಮ ಅಜ್ಜಿ ಮನೆಯ ಅಂಗಳದಲ್ಲಿ ಎರಡು ಇದ್ದವು. ತೆಗೆದ ಕೂಡಲೇ ಯಾರನ್ನೂ ಇಳಿಯಲು ಬಿಡುತ್ತಿರಲಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ, ಇಳಿದವನು ಉಸಿರು ಕಟ್ಟಿ ಅಲ್ಲೇ ಬೀಳುತ್ತಾನೆ. ಮೊದಲು ಬಾಯಿ ತೆಗೆದಿಟ್ಟು ಕಾಯಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಇನ್ನೂ ಕಾಯಬೇಕು.

ಹಗೇವಿನ ಮೋರೇರು ಊರಿನ ಕೆಳಗೆ ಇರುವವರು. ಮೇಲಿನ ರೈತರ ಕಾಳು ಕಾಯುತ್ತಾರೆ, ಹತ್ತರಲ್ಲಿ ಒಂದು ಪಾಲು ತಗೊಂಡು ಬೆಟ್ಟಕ್ಕೆ ಸಾಗಿಸುತ್ತಾರೆ. ಎರಡೂ ಕಡೆ ಮಾತು ಬರುತ್ತದೆ. ಎರಡೂ ಕಡೆಯವರು ಇವರನ್ನು ನಂಬುವುದಿಲ್ಲ. ಇವರ ದೇವರು ದೀಪ. ಹೊಸ ಜಾಗಕ್ಕೆ ಹೋದರೆ ದೀಪ ಮುಂದೆ, ಮನುಷ್ಯ ಹಿಂದೆ.

ಇನ್ನು ಹೆಂಗಸರು. ಹೆಣ್ಣಿಗೂ ಗಡ್ಡ ಇರುತ್ತದಾ ಅಂತ ಈ ಆಟದವರು ವರ್ಷಗಟ್ಟಲೆ ವಾದ ಮಾಡುತ್ತಾರೆ ಅಂತ ನನ್ನ ಮಗ ಹೇಳಿದ. ಆ ಗಡ್ಡದ ಚಿಂತೆ ಬಿಡಿ, ಅವಳು ಏನು ಕೆಲಸ ಮಾಡುತ್ತಾಳೆ ಅಂತ ಬರೆಯಿರಿ. ಒನಕೆ ಹಿಡಿದ ಇನ್ನೊಬ್ಬ ಓಬವ್ವ ಬೇಡ, ಅವಳೊಬ್ಬಳೇ ಸಾಕು. ಆದರೆ ಒಂದು ನೆನಪಿಡಿ. ಗಂಡ ಊಟಕ್ಕೆ ಕೂತಾಗ ಓಬವ್ವ ಹೋಗಿದ್ದು ನೀರು ತರಲು. ಕಿಂಡಿಯಲ್ಲಿ ತಲೆ ಕಂಡಿದ್ದು ಆಗ. ದಿನಾ ನೀರಿಗೆ ಹೋಗುವವರಿಗೆ ಕೋಟೆಯ ಎಲ್ಲಾ ಸಂದಿ ಗೊತ್ತಿರುತ್ತದೆ. ಮೋರೇರಲ್ಲಿ ಬೆಟ್ಟದ ನಕ್ಷೆ ಹೆಂಗಸರ ತಲೆಯಲ್ಲಿ ಇರಲಿ.

ಬೆಣ್ಣೆದೋಸೆಬಾಸ್, ದಾವಣಗೆರೆ

ಎಲ್ಲಾ ದುರ್ಗದ್ದೇ ಆಯ್ತಲ್ಲ. ಬಂಡೆ, ಹೊಂಡ, ಕೋಟೆ. ನಮ್ಮ ಊರಿಗೆ ಒಂದು ಬಣವಾದರೂ ಬೇಡವಾ? ಆಡುವವರಲ್ಲಿ ಅರ್ಧ ಜನ ನಾವು.

ನನ್ನದು ಭಟ್ಟಿಯವರು. ಮಂಡಕ್ಕಿ ಭಟ್ಟಿ ನೋಡಿದ್ದೀರಲ್ಲ. ಮಸಿ ಹಿಡಿದ ಗೋಡೆ, ಒಳಗೆ ಕೆಂಪು ಬೆಂಕಿ, ಕಾದ ಮರಳಿಗೆ ಅಕ್ಕಿ ಬಿದ್ದರೆ ಒಂದು ಕ್ಷಣದಲ್ಲಿ ಚಟಪಟ ಅರಳುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಬೆಳಗಿನ ಜಾವ ಆ ಓಣಿಯಲ್ಲಿ ನಡೆದರೆ ಇದು ಮೋರೇರ ಊರೇ ಅನ್ನಿಸುತ್ತದೆ. ಕಥೆ ಹೀಗೆ: ಅವರು ಮೊದಲು ಕುಲುಮೆಯವರೇ. ಇದ್ದಿಲು ಸಾಲದೆ ಬಯಲಿಗೆ ಇಳಿದರು. ಕಬ್ಬಿಣಕ್ಕೆ ಸಾಲುವಷ್ಟು ಕಾವಿಲ್ಲ, ಭತ್ತದ ಹೊಟ್ಟು ಮಾತ್ರ ಇದೆ. ಆ ಕಾವಿಗೆ ಆಗುವ ಕೆಲಸ ಹುಡುಕಿದರು. ಬೆಟ್ಟದವರು ಇವರನ್ನು ನೋಡಿ ನಗುತ್ತಾರೆ, "ಸುತ್ತಿಗೆ ಬಿಟ್ಟು ಜರಡಿ ಹಿಡಿದವರು" ಅಂತ. ಆದರೆ ಮುತ್ತಿಗೆ ಬಿದ್ದಾಗ ಬೆಟ್ಟದವರು ತಿಂದಿದ್ದು ಇವರ ಮಂಡಕ್ಕಿಯನ್ನೇ. ಒಂದು ಮೂಟೆಯನ್ನು ಸಣ್ಣ ಹುಡುಗನೂ ಹೊತ್ತು ಬೆಟ್ಟ ಹತ್ತಬಹುದು, ಅಷ್ಟು ಹಗುರ.

ಉಳಿಸುತ್ತಿಗೆ

ಮಂಡಕ್ಕಿ ತಿಂದು ಯುದ್ಧ ಮಾಡಿದರೆ ಅದೇ ಗತಿ. ಜೊತೆಗೆ ಮಿರ್ಚಿನಾದರೂ ಕಳಿಸಿದ್ರಾ?

ಬೆಣ್ಣೆದೋಸೆಬಾಸ್

ಕಳಿಸಿದ್ವಿ. ದಾರಿಯಲ್ಲಿ ಹಗೇವಿನವರು ಹತ್ತರಲ್ಲಿ ಒಂದು ಪಾಲು ತಗೊಂಡ್ರು.

ಕೆರೆಕೋಡಿ

ಹೊಂಡದ ಹೂಳು ಯಾರು ತೆಗೆಯುತ್ತಾರೆ? ಪಟ್ಟಿಯಲ್ಲಿ ಅವರ ಹೆಸರೇ ಕಾಣಲಿಲ್ಲ.

ಕೋಟೆಕಲ್ಲು

ಎರಡು ದಿನದಿಂದ ಈ ಒಂದು ಸಾಲು ತಲೆ ತಿನ್ನುತ್ತಿದೆ. ಮಳೆ ನೀರಿನ ಜೊತೆ ಮಣ್ಣು ಬಂದೇ ಬರುತ್ತದೆ. ತೆಗೆಯದಿದ್ದರೆ ಹೊಂಡ ಹತ್ತಿಪ್ಪತ್ತು ವರ್ಷಕ್ಕೆ ಬಟ್ಟಲಾಗುತ್ತದೆ. ನಾನು ಹೊಂಡದವರನ್ನು ಬರೆದಾಗ ನೀರು ಬರೆದೆ, ಬೀಗ ಬರೆದೆ, ಹೂಳು ಮರೆತೆ.

ಮೊದಲು ಹೂಳಿನವರು ಅಂತ ಇನ್ನೊಂದು ಬಣ ಮಾಡೋಣ ಅನ್ನಿಸಿತು. ಬರೆಯಲು ಶುರು ಮಾಡಿದವನು ಕೈ ನಿಲ್ಲಿಸಿದೆ. ಹುಟ್ಟಿನಿಂದ ಹೂಳು ತೆಗೆಯುವ ಒಂದು ಗುಂಪು, ಉಳಿದವರಿಂದ ದೂರ ವಾಸ. ಇದು ಕಲ್ಪನೆಯ ಲೋಕ ಅಲ್ಲವೇ ಅಲ್ಲ. ನಮ್ಮ ಊರಿನದನ್ನೇ ಕದ್ದು ಬೆಟ್ಟದೊಳಗೆ ಇಟ್ಟ ಹಾಗೆ.

ಶಾಸನಪ್ರಿಯ

ನಿಲ್ಲಿಸಿದ್ದು ಒಳ್ಳೆಯದು. ಈ ಥರದ ಲೋಕಗಳಲ್ಲಿ ನನಗೆ ಬೇಸರ ತರಿಸುವುದೇ ಅದು. ಪಂಗಡ ಅಂದರೆ ರಕ್ತ. ಈ ಬಣದಲ್ಲಿ ಹುಟ್ಟಿದವನು ಕಮ್ಮಾರ, ಆ ಬಣದಲ್ಲಿ ಹುಟ್ಟಿದವನು ಕಳ್ಳ. ಅದಕ್ಕೆ ಅಂಕ ಬೇರೆ ಕೊಡುತ್ತಾರೆ, ಶಕ್ತಿಗೆ ಎರಡು, ಬುದ್ಧಿಗೆ ಒಂದು. ಓದುವವರಿಗೆ ಅದು ಆಟ. ಈ ಪದ್ಧತಿಯಲ್ಲಿ ಬದುಕಿದವರಿಗೆ ಅಲ್ಲ.

ನವಣೆಅಕ್ಕ

ಸರದಿ ಮಾಡಿ. ನಮ್ಮಲ್ಲಿ ಕೆರೆ ಕಾಲುವೆ ಕೆಲಸಕ್ಕೆ ಹಿಂದೆ ಮನೆಗೊಂದು ಆಳು ಬರಬೇಕಿತ್ತು. ನೀರು ಸೇದುವ ಪ್ರತಿ ಮನೆಯೂ ಬೇಸಿಗೆಯಲ್ಲಿ ಹೊಂಡಕ್ಕೆ ಇಳಿಯಬೇಕು. ಗೌಡನ ಮನೆಯೂ ಸೇರಿ.

ಹಳೇಗಣಿ

ಸರದಿ ಶುರುವಿನಲ್ಲಿ ಚೆನ್ನಾಗಿರುತ್ತದೆ. ಆಮೇಲೆ ಯಾವನೋ ಒಬ್ಬ ದುಡ್ಡು ಕೊಟ್ಟು ಬೇರೆಯವನನ್ನು ಕಳಿಸುತ್ತಾನೆ. ಮುಂದಿನ ವರ್ಷ ಐದು ಜನ ಹಾಗೇ ಮಾಡುತ್ತಾರೆ. ಒಂದು ತಲೆಮಾರು ಕಳೆದರೆ ಬದಲಿಗೆ ಹೋಗುವವನ ಮಗನೂ ಬದಲಿಯೇ. ಅವನ ಹೆಸರೇ ಬದಲಿ ಆಗಿಬಿಡುತ್ತದೆ. ಗಣಿಯಲ್ಲೂ ತೀರಾ ಬಿಸಿಯ ಜಾಗಕ್ಕೆ ಯಾರು ಹೋಗುತ್ತಿದ್ದರು ಅಂತ ಅಪ್ಪನನ್ನು ಕೇಳಿದ್ದೆ. "ಬೇಡ ಅನ್ನಲು ಆಗದವರು" ಅಂದರು.

ಕೋಟೆಕಲ್ಲು

ಸರ್, ನನಗೆ ಬೇಕಿದ್ದ ಬೀಗದಕೈ ನೀವು ಕೊಟ್ಟಿರಿ. ಪೂರ್ತಿ ತಿರುಗಿಸಿ ಬರೆದೆ.

ಮೋರೇರೆಲ್ಲ ಮೊದಲು ಒಂದೇ ಜನ. ದಿಂಬುಕಲ್ಲಿನಿಂದ ಎದ್ದವರು. ಹೂಳು ತೆಗೆಯುವುದು, ಕಲ್ಲು ತಟ್ಟುವುದು, ತಿದಿ ಒತ್ತುವುದು, ಕಾಳು ಹೊರುವುದು, ಎಲ್ಲಾ ಸರದಿ. ಒಂದೊಂದು ಬಣ ಹುಟ್ಟಿದ್ದೂ ಯಾರೋ ಒಂದು ಸರದಿ ತಪ್ಪಿಸಿದ ದಿನ. ಇನ್ನು ತಿದಿ ಒತ್ತಲು ಬರಲ್ಲ, ನೀರು ನಾವು ಕಾಯುತ್ತೇವೆ ಅಂದವರು ಹೊಂಡದವರಾದರು. ಬಿಸಿಗೆ ಇಳಿಯಲ್ಲ ಅಂದವರು ಕುಲುಮೆಯಲ್ಲಿ ಉಳಿದರು. ಬೇಡ ಅನ್ನಲು ಆಗದವರು ಆಳದವರಾದರು. ಆದರೆ ಪ್ರತಿ ಬಣವೂ ಮಕ್ಕಳಿಗೆ ಹೇಳುವ ಕಥೆ ಬೇರೆ. "ನಾವು ಹುಟ್ಟಿದ್ದೇ ಹೀಗೆ, ದೇವರು ನಮಗೆ ಕೊಟ್ಟ ಕೆಲಸ ಇದು." ನಿಜ ಕಥೆ ಗೊತ್ತಿರುವುದು ಹೊಂಡದ ತಳಕ್ಕೆ ಮಾತ್ರ. ಅಲ್ಲಿ ಹಳೆಯ ಸರದಿಯ ಪಟ್ಟಿಯನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ, ಎಲ್ಲಾ ಮನೆತನದ ಹೆಸರೂ ಸಾಲಾಗಿ. ಅದರ ಮೇಲೆ ಈಗ ಎರಡಾಳು ಹೂಳು.

ತಂಡಕ್ಕೆ ಕೊಡುವ ಕೆಲಸ: ಹೊಂಡ ಬತ್ತುತ್ತಿದೆ, ಕಾರಣ ಹುಡುಕಿ.

ಇಪ್ಪತ್ತುಮುಖ

ಅಯ್ಯೋ, ಎಲ್ಲಾ ಇಲ್ಲೇ ಹೇಳಿಬಿಟ್ಟೆಯಲ್ಲ! ನಾನು ಆ ತಂಡದಲ್ಲೇ ಇದ್ದೇನೆ.

ಕೋಟೆಕಲ್ಲು

ನೀನು ಇಲ್ಲಿ ಇರುವುದೇ ಮರೆತುಹೋಯ್ತು. ಪರವಾಗಿಲ್ಲ, ನಿನ್ನ ಪಾತ್ರಕ್ಕೆ ಏನೂ ಗೊತ್ತಿಲ್ಲ. ಪಟ್ಟಿಯಲ್ಲಿ ಯಾರ ಹೆಸರು ಎಲ್ಲಿದೆ ಅಂತ ನಿನಗೂ ಗೊತ್ತಿಲ್ಲ.

ಕೋಟೆಕಲ್ಲು

ಭಾನುವಾರ ಆಟ ಆಯಿತು. ಕೇಳಿದವರಿಗಾಗಿ ಚುಟುಕಾಗಿ ಬರೆಯುತ್ತೇನೆ.

ಇಪ್ಪತ್ತುಮುಖ ಸುಮ್ಮನಿದ್ದ, ನಿಯತ್ತಿನ ಮನುಷ್ಯ. ಹೂಳು ತೆಗೆಯಬೇಕು ಅನ್ನುವುದು ತಂಡಕ್ಕೆ ಹೊಳೆಯಲು ಎರಡು ಗಂಟೆ ಹಿಡಿಯಿತು. ಅಲ್ಲಿವರೆಗೆ ರಾಕ್ಷಸ ನೀರು ಕುಡಿಯುತ್ತಿದ್ದಾನೆ ಅಂತ ಗವಿಯೆಲ್ಲ ಹುಡುಕಿದರು. ರಾಕ್ಷಸ ಇಲ್ಲ ಅಂತ ಗೊತ್ತಾದಾಗ ಒಬ್ಬನಿಗೆ ಬೇಜಾರಾಯಿತು. ಆಮೇಲೆ ಹೊಂಡಕ್ಕೆ ಇಳಿಯುವ ಮಾತು. ಐದು ದಿನದ ಕೆಲಸ, ಒಬ್ಬೊಬ್ಬರಿಗೆ ಒಂದೊಂದು ದಿನ ಅಂದೆ. ಬಾಸ್‌ನ ಭಟ್ಟಿಯವನು ಎದ್ದು ನಿಂತು ಹೇಳಿದ: "ನನ್ನ ಸರದಿಗೆ ಬದಲು ಎರಡು ಮೂಟೆ ಮಂಡಕ್ಕಿ ಕೊಡ್ತೀನಿ. ಆ ಆಳದ ಹುಡುಗನ್ನ ಕಳಿಸಿ."

ನಾನು ಏನೂ ಹೇಳಿಕೊಟ್ಟಿರಲಿಲ್ಲ, ದೇವರಾಣೆ. ಟೇಬಲ್ಲಿನ ಸುತ್ತ ಒಂದು ನಿಮಿಷ ಮೌನ. ಆಮೇಲೆ ಮುಕ್ಕಾಲು ಗಂಟೆ ಜಗಳ. ಆಳದ ಹುಡುಗನ ಪಾತ್ರ ಮಾಡುವವಳು ಡೈಸ್ ಕೆಳಗಿಟ್ಟು ಟೇಬಲ್ ಎರಡು ಸಲ ತಟ್ಟಿದಳು. ಮೇಲೆ ಫ್ಯಾನ್ ನೋಡಿದಳು. "ಡಬ್ ಅಂತಿದೆ" ಅಂದಳು. ಅಷ್ಟೇ.

ಮುಂದಿನ ವಾರ ದಾವಣಗೆರೆಯಲ್ಲಿ. ಪಟ್ಟಿಯ ಕಲ್ಲು ಇನ್ನೂ ಅರ್ಧ ಹೂಳಲ್ಲೇ ಇದೆ. ಬಾಸ್, ಬರುವಾಗ ಎಲ್ಲರಿಗೂ ಮಿರ್ಚಿ ಮಂಡಕ್ಕಿ ತಂದುಬಿಡು.

ಬೆಣ್ಣೆದೋಸೆಬಾಸ್

ಹೋದ ಸಲ ನಾನೇ ತಂದಿದ್ದು. ಈ ಸಲ ಸರದಿ ನಿಂದು.